ಕಿಟಕಿ ಮುಟ್ಟುತ್ತಿದ್ದ ಮೆಕ್ಯಾನಿಕ್ಕು

ಮಕ್ಕಳೇ, ಮಳವಳ್ಳಿಯಿಂದ ನಮ್ಮ ಪೂರಿಗಾಲಿಗೆ ಮೊಪೆಡ್ಡಿನಲ್ಲಿ ಬರುತ್ತಿದ್ದ ಕಂಪ್ಯೂಟರ್ ಮೆಕ್ಯಾನಿಕ್ಕು ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚುವ ಮುಂಚೆ ಕಿಟಕಿಯ ಕಬ್ಬಿಣದ ಸರಳು ಮುಟ್ಟಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ. ಅದು ಯಾವ ದೇವರೆಂದು ಕೇಳಲು ನನಗೆ ನಾಚಿಕೆ.

ಒಂದು ಸಲ ನಿಮ್ಮ ದೊಡ್ಡಕ್ಕ ಡಿಪ್ಲೊಮಾ ಓದಿಗೆಂದು ಕಂಪ್ಯೂಟರಿನಲ್ಲಿ ಬರೆದ ಮನೆ ನಕ್ಷೆಯನ್ನು ಮರುದಿನವೇ ಒಪ್ಪಿಸಬೇಕಿತ್ತು. ಯಾವುದೋ ಆಫೀಸಿನಿಂದ ಬಂದ ನಮ್ಮ ಹಳೇ ಕಂಪ್ಯೂಟರು ಅದನ್ನು ಎಳೆಯಲಾರದೆ ನಿಂತುಬಿಡುತ್ತಿತ್ತು. ಅವಳು ಪರದೆಗೆ ಚಿತ್ರ ಮೂಡಿಸುವ ದೊಡ್ಡ ಗ್ರಾಫಿಕ್ಸ್ ಕಾರ್ಡು ಕೇಳಿದಳು.

"ಪೆಟ್ಟಿಗೆ ಏನಂತದೆ ಕೇಳವ್ವ," ಎಂದ ಆತ. ಎಲ್ಲರಿಗೂ ಆತ ಹೇಳುತ್ತಿದ್ದುದು ಇದೇ ಮಾತು. "ಎತ್ತಿನ ಗಾಡಿಗೆ ಲಾರಿ ಇಂಜಿನ್ ಕಟ್ಟಾಕಾದದಾ?"

ಕೊನೆಗೆ ನಮ್ಮ ಕೈಗೆಟುಕುವ, ಯಾರೋ ಬಳಸಿದ ಚಿಕ್ಕ ಕಾರ್ಡು ತಂದು ಕೂರಿಸಿದ. ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ಎರಡು ಸಲ ಬಿಚ್ಚಿ ಕೂರಿಸಿದರೂ ಅಷ್ಟೇ. ನಿಮ್ಮಕ್ಕ ಅಳತೊಡಗಿದಳು. ನಾನು ತಡೆಯಲಾರದೆ ಆ ಸರಳಿಗೆ ಅರಿಶಿನ ಕುಂಕುಮ ಹಚ್ಚಿ ಕನಕಾಂಬರ ಮುಡಿಸಿದೆ.

"ಇದ್ಯಾಕವ್ವ ಕಿಟಕಿಗೆ ಊವ?"

"ನೀನು ಮುಟ್ಟಿ ನಮಸ್ಕಾರ ಮಾಡ್ತೀಯಲ್ಲಪ್ಪ, ಅದಕ್ಕೆ."

"ಅಯ್ಯೋ, ನಮಸ್ಕಾರ ಅಲ್ಲ ಕಣವ್ವ! ಮೈಯಾಗಿರೋ ಕರೆಂಟು ಕಾರ್ಡಿಗೆ ಒಡೀಬಾರ್ದು ಅಂತ ಕಬ್ಬಿಣ ಮುಟ್ತೀನಿ."

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆತ ನಗುತ್ತಲೇ ಪೆಟ್ಟಿಗೆಯ ಹಿಂದೆ ಬಗ್ಗಿದ, ತಟ್ಟನೆ ನಗು ನಿಲ್ಲಿಸಿದ. ಪರದೆಯ ತಂತಿಯನ್ನು ಹೊಸ ಕಾರ್ಡಿಗೆ ಸಿಕ್ಕಿಸದೆ ಹಳೇ ತೂತಿಗೇ ಸಿಕ್ಕಿಸಿದ್ದ. ಮೆಲ್ಲಗೆ ಕಿತ್ತು ಸರಿಯಾದ ಕಡೆ ಸಿಕ್ಕಿಸಿದ್ದನ್ನು ನಾನು ಸೆರಗಿನ ಸಂದಿಯಿಂದ ಕಂಡೆ. ಪರದೆ ಬೆಳಗಿತು.

"ಬಂತು! ಏನಾಗಿತ್ತಣ್ಣ?" ಎಂದಳು ನಿಮ್ಮಕ್ಕ, ಕಣ್ಣೊರೆಸಿಕೊಂಡು.

ಆತ ನನ್ನ ಕಡೆ ನೋಡದೆ ಹೇಳಿದ: "ನಂಗೇನು ಗೊತ್ತವ್ವ? ನಿಮ್ಮಜ್ಜಿ ಪೂಜೆ ಮಾಡವ್ರೆ, ಬಂದದೆ."