ಬರುವ ಭಾಷೆಗೆ ಫೀಸು ಯಾಕೆ

ನಮ್ಮಪ್ಪನಿಗೆ ಮುಂದೇನಾಗುತ್ತದೆ ಎಂಬುದು ಗೊತ್ತಿತ್ತು. ಗೊತ್ತಿಲ್ಲ ಎಂದು ಅವರು ಹೇಳಿದ್ದನ್ನು ನಾನು ಕೇಳಿದ ನೆನಪಿಲ್ಲ. ಆದರೆ ನನ್ನ ನೆನಪಿನ ಮೇಲೆ ನನಗೇ ಪೂರ್ತಿ ಭರವಸೆಯಿಲ್ಲ. ಅಪ್ಪನ ಮೇಲಿನ ಸಿಟ್ಟು ಅದರಲ್ಲಿ ಎಷ್ಟು ಕಲಬೆರಕೆ ಮಾಡಿದೆಯೋ ಹೇಳಲಾರೆ.

ಅವರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಚಾಮರಾಜಪೇಟೆಯ ವಠಾರವೊಂದರಲ್ಲಿ ನಮ್ಮ ಮನೆ. ಎಪ್ಪತ್ತರ ದಶಕದ ನಡುವಿನ ಮಾತು. ಅಕ್ಕನ ಪಿಯುಸಿ ಮುಗಿದಿತ್ತು. ಅವಳಿಗೆ ಗಣಿತದಲ್ಲಿ ಬಿ.ಎಸ್ಸಿ. ಮಾಡುವ ಆಸೆಯಿತ್ತು. ಡಿಗ್ರಿ ಮಾಡಿದವರೆಲ್ಲ ಬೀದಿ ಅಳೆಯುತ್ತಿದ್ದಾರೆ, ಯಾವ ಕಚೇರಿ ಮುಚ್ಚಿದರೂ ಇನ್ನೊಂದು ಕಚೇರಿಗೆ ಟೈಪಿಸ್ಟ್ ಬೇಕೇ ಬೇಕು ಎಂದು ಅಪ್ಪ ತೀರ್ಮಾನಿಸಿದರು. ನಾನು ಗಂಡು ಹುಡುಗ. ನಿಧಾನವಾಗಿ ಬಿ.ಎ., ಆಮೇಲೆ ಎಂ.ಎ. ಓದಿಕೊಂಡು ಎಲ್ಲವನ್ನೂ ಅನುಮಾನಿಸುವ ಸವಲತ್ತು ನನಗೆ ಸಿಕ್ಕಿತು.

ಟೈಪಿಂಗ್ ಇನ್‌ಸ್ಟಿಟ್ಯೂಟು ಹೋಟೆಲೊಂದರ ಮೇಲಿನ ಮಹಡಿಯಲ್ಲಿತ್ತು. ಸೇರಿಸುವ ದಿನ ಅಕ್ಕ, ಇಂಗ್ಲಿಷ್ ಜೊತೆಗೆ ಕನ್ನಡವನ್ನೂ ಕಲಿಯುತ್ತೇನೆ, ಗೆಳತಿಯರು ಎರಡಕ್ಕೂ ಸೇರಿದ್ದಾರೆ ಎಂದಳು. ಅಪ್ಪನಿಗೆ ನಗು ಬಂತು.

"ಕನ್ನಡ ನಿಂಗೆ ಬರುತ್ತಲ್ಲಮ್ಮ. ಬರೋ ಭಾಷೆಗೆ ಯಾರಾದ್ರೂ ಫೀಸು ಕಟ್ತಾರಾ?"

ವಠಾರದಲ್ಲಿ ಇದು ದೊಡ್ಡ ಜೋಕಾಗಿ ಓಡಾಡಿತು. ಅಪ್ಪ ಮಾತ್ರ ಅದನ್ನು ಜೋಕಾಗಿ ಹೇಳಿರಲಿಲ್ಲ. ಮೂವತ್ತು ವರ್ಷ ಕಚೇರಿಯಲ್ಲಿ ಕೂತಿದ್ದರೂ ಅವರು ಕನ್ನಡದ ಟೈಪ್‌ರೈಟರನ್ನು ಹತ್ತಿರದಿಂದ ನೋಡಿರಲಿಲ್ಲ. ಅವರ ಕಡತಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಇಂಗ್ಲಿಷ್ ಬೆರಳಿಗೆ ಹತ್ತಿದರೆ ಕನ್ನಡ ತಾನಾಗಿ ಹಿಂದೆ ಬರುತ್ತದೆ ಎಂದುಕೊಂಡಿದ್ದರು.

ಅಕ್ಕ ಇಂಗ್ಲಿಷ್ ಟೈಪಿಂಗಿನ ಜೂನಿಯರ್, ಸೀನಿಯರ್ ಪರೀಕ್ಷೆ ಎರಡೂ ಪಾಸಾದಳು. ಊಟಕ್ಕೆ ಕೂತಾಗಲೂ ಎಡಗೈ ಬೆರಳುಗಳು ನೆಲದ ಮೇಲೆ ಎ, ಎಸ್, ಡಿ, ಎಫ್ ಕುಟ್ಟುತ್ತಿದ್ದವು. ಅಮ್ಮ ಗದರುತ್ತಿದ್ದಳು. ಆಮೇಲೆ ಶುರುವಾದದ್ದು ಕಾಯುವ ಕೆಲಸ. ಅಷ್ಟರಲ್ಲಿ ಆಡಳಿತವೆಲ್ಲ ಕನ್ನಡದಲ್ಲೇ ನಡೆಯಬೇಕೆಂಬ ಮಾತು ಜೋರಾಯಿತು. ಅಪ್ಪ ಪೇಪರು ಓದಿ ಸಂತೋಷಪಟ್ಟರು. ಅದು ತಮ್ಮ ಮಗಳಿಗೆ ಸಂಬಂಧಿಸಿದ ಸುದ್ದಿ ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಕೊನೆಗೆ ಒಂದು ಕಚೇರಿಯಿಂದ ಟೆಸ್ಟಿಗೆ ಕರೆ ಬಂತು. ಅವಳ ಜೊತೆ ನಾನೂ ಹೋಗಿದ್ದೆ, ಹೊರಗೆ ಹೊಂಗೆಮರದ ಕೆಳಗೆ ನಿಂತಿದ್ದೆ ಎಂಬುದು ನನ್ನ ನೆನಪು. ನೀನು ಬಂದೇ ಇರಲಿಲ್ಲ, ಅಪ್ಪ ಬಂದಿದ್ದರು ಎನ್ನುತ್ತಾಳೆ ಅಕ್ಕ. ಅವಳು ಹೇಳಿದ್ದನ್ನು ಕೇಳಿ ಕೇಳಿ ಆ ಮರವನ್ನು ನಾನೇ ನೆಟ್ಟಿರಬೇಕು. ಒಳಗೆ ನಡೆದದ್ದರ ಬಗ್ಗೆ ಮಾತ್ರ ತಕರಾರಿಲ್ಲ. ಮೊದಲು ಇಂಗ್ಲಿಷ್ ಹಾಳೆ ಕೊಟ್ಟರು, ಹೊಡೆದಳು. ಆಮೇಲೆ ಪಕ್ಕದ ಮೆಷಿನ್ನಿಗೆ ಹೋಗಲು ಹೇಳಿದರು. ಅದರ ಕೀಲಿಗಳ ಮೇಲೆ ಕನ್ನಡವಿತ್ತು. ಹುಟ್ಟಿದಾಗಿನಿಂದ ಗೊತ್ತಿದ್ದ ಅಕ್ಷರಗಳು ಅಲ್ಲಿ ಕಳಚಿಬಿದ್ದಿದ್ದವು. ಅಕ್ಷರದ ಮೈ ಒಂದು ಕಡೆ, ದೀರ್ಘ ಇನ್ನೊಂದು ಕಡೆ, ಒತ್ತು ಮತ್ತೆಲ್ಲೋ. 'ವಿಷಯ' ಎಂಬ ಮೊದಲನೆಯ ಪದದ ಬಿಡಿಭಾಗಗಳನ್ನು ಹುಡುಕುವಷ್ಟರಲ್ಲಿ ಬೇರೆಯವರು ಅರ್ಧ ಹಾಳೆ ಮುಗಿಸಿದ್ದರಂತೆ.

ಮನೆಗೆ ಬಂದ ಮೇಲೆ ಅಪ್ಪ ಬೈಯಲಿಲ್ಲ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಬೈದಿದ್ದರೆ ವಾಸಿಯಿತ್ತು.

"ಹೋಗಿ ಹೋಗಿ ಕನ್ನಡದಲ್ಲಿ ನಪಾಸಾದೆಯಲ್ಲೇ," ಎಂದರು.

ಅಕ್ಕ ಮತ್ತೆ ಅದೇ ಮಹಡಿ ಹತ್ತಿದಳು. ಈಗ ತನಗಿಂತ ಚಿಕ್ಕ ಹುಡುಗಿಯರ ಜೊತೆ. ಇಂಗ್ಲಿಷಿಗೆ ಪಳಗಿದ ಬೆರಳುಗಳು ಕನ್ನಡದ ಮೆಷಿನ್ನಿನ ಮೇಲೂ ತಮ್ಮ ಹಳೆಯ ಜಾಗಗಳಿಗೇ ಓಡುತ್ತಿದ್ದವು. ಏನೂ ಬಾರದವರೇ ತನಗಿಂತ ಬೇಗ ಕಲಿಯುತ್ತಾರೆ ಎಂದು ಅಮ್ಮನ ಹತ್ತಿರ ಹೇಳಿಕೊಂಡಿದ್ದಳು. ಅಂತೂ ಕನ್ನಡ ಸೀನಿಯರ್ ಮುಗಿಯಿತು. ಮುಗಿದ ಹೊತ್ತಿಗೆ ಹೊಸ ನೇಮಕಾತಿ ನಿಂತುಹೋಗಿತ್ತು. ಮತ್ತೆ ಅರ್ಜಿ ಕರೆದಾಗ ಎಂಬತ್ತರ ದಶಕ ಕಾಲಿಟ್ಟಿತ್ತು, ಅಕ್ಕನ ವಯಸ್ಸು ಮಿತಿಯನ್ನು ದಾಟಿತ್ತು. ಕೆಲವೇ ತಿಂಗಳಿನಷ್ಟು.

ಅಪ್ಪ ಮನವಿಯೊಂದನ್ನು ಬರೆಸಿದರು. ವಯೋಮಿತಿ ಸಡಿಲಿಸಬೇಕೆಂದು, ಕನ್ನಡದಲ್ಲೇ. ಅಕ್ಕ ಇನ್‌ಸ್ಟಿಟ್ಯೂಟಿನಲ್ಲಿ ಅದನ್ನು ಟೈಪು ಮಾಡಿಕೊಂಡು ಬಂದಳು. ಆ ಹಾಳೆಯನ್ನು ನಾನು ನೋಡಿದ್ದೇನೆ, ಇದರಲ್ಲಿ ಸಂಶಯವಿಲ್ಲ. ಒಂದು ಒತ್ತಕ್ಷರ ಆಚೀಚೆ ಆಗಿರಲಿಲ್ಲ. ತಿಂಗಳುಗಳ ಮೇಲೆ ಉತ್ತರ ಬಂತು. ಸಾಧ್ಯವಿಲ್ಲ ಎಂದಿತ್ತು. ಇಂಗ್ಲಿಷಿನಲ್ಲಿತ್ತು.

ಅಕ್ಕ ಅದನ್ನು ಎರಡು ಸಲ ಓದಿ, "ಮಾರ್ಜಿನ್ ಸರಿಯಾಗಿ ಬಿಡೋಕೆ ಬರಲ್ಲ ಇದನ್ನ ಟೈಪ್ ಮಾಡಿದೋನಿಗೆ. ಕೆಲಸ ಮಾತ್ರ ಇದೆ," ಎಂದಳು.

ಆಮೇಲೆ ಉಪ್ಪಾರಪೇಟೆಯಲ್ಲಿ ವಕೀಲರೊಬ್ಬರ ಬಳಿ ಸೇರಿದಳು. ಲಾಡ್ಜೊಂದರ ಹಿಂದೆ, ಹಗಲಲ್ಲೂ ಟ್ಯೂಬ್‌ಲೈಟು ಉರಿಯುವ ಕೋಣೆ. ಅಲ್ಲಿ ಬರೀ ಇಂಗ್ಲಿಷ್ ಟೈಪಿಂಗು. ಪೆನ್ಷನ್ನಿಲ್ಲ, ರಜೆಯಿಲ್ಲ. ಕಷ್ಟಪಟ್ಟು ಕಲಿತ ಕನ್ನಡವನ್ನು ಅಲ್ಲಿ ಯಾರೂ ಕೇಳಲಿಲ್ಲ. ವಕೀಲರು ಸಾಯುವವರೆಗೆ ಅವಳು ಅಲ್ಲೇ ಇದ್ದಳು.

ಅಪ್ಪ ನಿವೃತ್ತರಾದ ಮೇಲೆ ಮನೆಗೆ ಬಂದವರೆಲ್ಲ, ಮಕ್ಕಳಿಗೆ ಏನು ಕಲಿಸುವುದು, ಕಂಪ್ಯೂಟರ್ ಅಂತೆಲ್ಲ ಬರುತ್ತಿದೆಯಂತೆ ಎಂದು ಅವರನ್ನು ಕೇಳುತ್ತಿದ್ದರು. ಒಂದು ಭಾನುವಾರ ಬಸವನಗುಡಿಯಿಂದ ಬಂದಿದ್ದ ಹಳೆಯ ಸಹೋದ್ಯೋಗಿಯೊಬ್ಬರು ತಮ್ಮ ಮಗಳ ವಿಷಯ ಎತ್ತಿದರು. ಅಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ನಮ್ಮ ಹುಡುಗಿನೇ ನೋಡಿ. ಇಂಗ್ಲಿಷ್ ಟೈಪಿಂಗ್ ಕಲಿ ಅಂದೆ. ನಡುವೆ ಕನ್ನಡ ಕನ್ನಡ ಅಂತ ಒದ್ದಾಡಿದ್ಲು. ಕೊನೆಗೆ ಕೈಹಿಡಿದಿದ್ದು ಯಾವುದು? ನಾನು ಹೇಳಿದ್ದೇ."

ಆಗ ಎಂ.ಎ. ಮುಗಿಸಿ, ಸಿಕ್ಕಿದ ಒಂದು ಕೆಲಸವನ್ನೂ ಬಿಟ್ಟು ಮನೆಯಲ್ಲಿದ್ದ ನಾನು ಬಾಗಿಲ ಬಳಿ ನಿಂತಿದ್ದೆ. ವಾದಿಸಲು ಬಾಯಿ ತೆರೆದೆ. ಆದರೆ ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ.

ಅಕ್ಕ ಅಡುಗೆಮನೆಯಲ್ಲಿದ್ದಳು. ಅವಳಿಗೆ ಕೇಳಿಸಿರಲಾರದು ಎಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಈಚೆಗೆ ಅವಳನ್ನೇ ಕೇಳಿದೆ.

"ಕೇಳಿಸ್ತು," ಎಂದಳು. "ಬಂದೋರು ಕಾಫಿಗೆ ಸಕ್ಕರೆ ಹಾಕ್ಕೋತಾರಾ ಅಂತ ಕೇಳೋಕೆ ಹೊರಗೆ ಬರ್ತಿದ್ದೆ. ವಾಪಸ್ ಹೋದೆ."