ಹೊಸ ಪದರದಲ್ಲಿ ಸಿಕ್ಕ ಹಳೆಯ ಚಿಪ್ಪು

ದಾವಣಗೆರೆಯ ಕಾಲೇಜೊಂದರಲ್ಲಿ ನಾನು ಭೂವಿಜ್ಞಾನ ಕಲಿಸುತ್ತೇನೆ. ಕೆಲವು ವರ್ಷ ತಮಿಳುನಾಡಿನ ಅರಿಯಲೂರಿನಿಂದ ಕಲ್ಲುಮಣ್ಣಿನ ಚೀಲಗಳನ್ನು ತರುತ್ತಿದ್ದೆ. ಅದು ಒಂದಾನೊಂದು ಕಾಲದ ಸಮುದ್ರದ ತಳ. ಆ ಮಣ್ಣನ್ನು ನೆನೆಸಿ, ಜರಡಿಯಲ್ಲಿ ತೊಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸಾಸಿವೆಗಿಂತ ಸಣ್ಣ ಚಿಪ್ಪುಗಳು ಕಾಣುತ್ತವೆ. ಒಂದೊಂದು ಜಾತಿ ಒಂದೊಂದು ಕಾಲದಲ್ಲಷ್ಟೇ ಬದುಕಿದ್ದರಿಂದ, ಚಿಪ್ಪನ್ನು ಗುರುತಿಸಿದರೆ ಪದರದ ವಯಸ್ಸು ತಿಳಿಯುತ್ತದೆ.

ಆ ಚಿಪ್ಪು ಆರಿಸುತ್ತಿದ್ದವಳು ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹೆಂಗಸು. ಸೇರಿದ್ದು ಕಸ ಗುಡಿಸಲು. ಒಂದು ದಿನ ತಾನೂ ನೋಡಲೇ ಎಂದು ಕೇಳಿ ಸೂಕ್ಷ್ಮದರ್ಶಕದ ಮುಂದೆ ಕೂತವಳು, ನನ್ನ ಕಣ್ಣಿಗೆ ತಪ್ಪಿದ್ದ ಎರಡು ಚಿಪ್ಪು ತೋರಿಸಿಬಿಟ್ಟಳು. ಅಂದಿನಿಂದ ಒದ್ದೆ ಕುಂಚದ ತುದಿಯಲ್ಲಿ ಒಂದೊಂದನ್ನೇ ಎತ್ತಿಡುವ ಕೆಲಸ ಅವಳದಾಯಿತು. ನಮ್ಮ ಲ್ಯಾಟಿನ್ ಹೆಸರುಗಳ ಗೊಡವೆ ಅವಳಿಗಿರಲಿಲ್ಲ. ಚಕ್ಕುಲಿ, ಜಡೆ, ಬಿಲ್ಲೆ ಎನ್ನುತ್ತಿದ್ದಳು.

ಒಮ್ಮೆ ಮೇಲಿನ, ಹೊಸ ಪದರದ ಮಣ್ಣಿನಲ್ಲಿ ಅವಳಿಗೆ ಬಿಲ್ಲೆಗಳು ಸಿಕ್ಕವು. ಆ ಪದರ ಕೂಡುವುದಕ್ಕೆ ಎಷ್ಟೋ ಮೊದಲೇ ಅಳಿದುಹೋದ ಜಾತಿ ಅದು. ಹಿಂದಿನ ದಿನ ಹಳೆಯ ಪದರದ ಮಣ್ಣು ಸೋಸಿದ ಜರಡಿಯನ್ನು ತೊಳೆಯದೆ ಬಳಸಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ನಾಲ್ಕೈದು ವಿದ್ಯಾರ್ಥಿಗಳ ಎದುರಿಗೇ ಗದರಿಸಿದೆ.

"ತೊಳ್ದಿದ್ದೆ ರೀ ಮೇಡಂ. ಅವು ಆ ಮಣ್ಣಾಗೇ ಇದ್ವು," ಎಂದಳು, ಮೆಲ್ಲಗೆ.

ಅವಳು ಆರಿಸಿಟ್ಟಿದ್ದ ಚಿಪ್ಪುಗಳ ತಟ್ಟೆಯನ್ನು ನಾನು ಕಸದ ಬುಟ್ಟಿಗೆ ಸುರಿದೆ. ಆ ತಿಂಗಳು ಮುಗಿದ ಮೇಲೆ ಅವಳು ಕೆಲಸಕ್ಕೆ ಬರಲಿಲ್ಲ. ನಾನೂ ವಿಚಾರಿಸಲಿಲ್ಲ. ಆ ಮಣ್ಣಿನ ಮಾದರಿಯನ್ನು ಬಿಟ್ಟೇ ನನ್ನ ಪ್ರಬಂಧ ಅಚ್ಚಾಯಿತು.

ಎರಡು ವರ್ಷದ ನಂತರ ಅದೇ ಪದರದಿಂದ ಮತ್ತೆ ಮಣ್ಣು ತಂದೆ. ಹೊಸ ಜರಡಿಯಲ್ಲಿ ನಾನೇ ತೊಳೆದು, ನಾನೇ ಆರಿಸಿದೆ. ಬಿಲ್ಲೆಗಳಿದ್ದವು. ಅಂಚು ಸವೆದಿದ್ದವು. ಹಳೆಯ ಬಂಡೆ ಕೊರೆತಕ್ಕೆ ಸಿಕ್ಕಿ, ಅದರೊಳಗಿನ ಚಿಪ್ಪುಗಳು ನೀರಿನೊಡನೆ ಹರಿದು ಬಂದು ಹೊಸ ಕೆಸರಿನಲ್ಲಿ ಕೂತಿದ್ದವು. ಹೀಗಾಗುವುದುಂಟು ಎಂದು ನಾನೇ ಪ್ರತಿವರ್ಷ ಪಾಠ ಮಾಡುತ್ತಿದ್ದೆ. ಅವಳ ವಿಷಯದಲ್ಲಿ ಮಾತ್ರ ಅದು ನನಗೆ ಹೊಳೆಯಲೇ ಇಲ್ಲ.

ಮರುದಿನವೇ ಹರಿಹರಕ್ಕೆ ಹೋದೆ. ಮನೆಯ ಮುಂದಿನ ಕೋಣೆಯಲ್ಲಿ ಅವಳು ರವಿಕೆಗಳಿಗೆ ಕೊಕ್ಕೆ ಹಚ್ಚುತ್ತಿದ್ದಳು. "ಕೂಡ್ರಿ," ಎಂದು ಚಾಪೆ ಹಾಸಿ ಚಹಾ ಕೊಟ್ಟಳು. ನಡೆದದ್ದೆಲ್ಲ ಹೇಳಿ, ತಪ್ಪಾಯಿತು ಎಂದೆ. ಮತ್ತೆ ಕೆಲಸಕ್ಕೆ ಬಾ ಎಂದೂ ಕರೆದೆ.

"ಬ್ಯಾಡ ಬಿಡ್ರಿ, ಇದೇ ಚೆನ್ನಾಗೈತೆ," ಎಂದಳು. ಸೂಜಿಗೆ ದಾರ ಪೋಣಿಸುತ್ತ ಕೇಳಿದಳು: "ಅವತ್ತು ಇದ್ರಲ್ಲ, ಆ ಮಕ್ಕಳಿಗೆ ಹೇಳಿದ್ರೇನ್ರಿ?"

ಇಲ್ಲ ಎಂದೆ. ಅವರೆಲ್ಲ ಓದು ಮುಗಿಸಿ ಹೋಗಿಯಾಗಿತ್ತು. ಊರಿಗೆ ಮರಳಿದ ಮೇಲೆ ನಂಬರು ಹುಡುಕಿ ಮೂವರಿಗೆ ಫೋನ್ ಮಾಡಿ, ಅಂದು ತಪ್ಪು ನನ್ನದೇ ಎಂದು ಹೇಳಿದೆ. ಒಬ್ಬಳಿಗೆ ಆ ದಿನದ ನೆನಪಿತ್ತು. ಉಳಿದಿಬ್ಬರಿಗೆ ಅಂಥ ಹೆಂಗಸೊಬ್ಬಳು ಪ್ರಯೋಗಾಲಯದಲ್ಲಿ ಇದ್ದದ್ದೇ ನೆನಪಿರಲಿಲ್ಲ.