ಬೇಸ್ ಬಾಲ್ ಮಾಸ್ತರರ ಮನಿ

ನಮ್ಮ ಕಾಲೇಜಿಗೆ ಬೇಸ್‌ಬಾಲ್ ಬಂದದ್ದು ಅಮೆರಿಕದಿಂದಲ್ಲ, ಸೊಲ್ಲಾಪುರದಿಂದ. ತಂದವರು ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು. ಅವರಿಗೆ ಹತ್ತಿಯ ಬಗ್ಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಹತ್ತಿ ಬಲ್ಲವನು ಎಲ್ಲವನ್ನೂ ಬಲ್ಲ ಎಂಬುದು ಅವರ ನಂಬಿಕೆಯಾಗಿತ್ತು, ಮತ್ತು ಅವರ ಹಣದಿಂದ ನಡೆಯುವ ಕಾಲೇಜಿನಲ್ಲಿ ಅದನ್ನು ಅಲ್ಲಗಳೆಯುವವರು ಯಾರೂ ಇರಲಿಲ್ಲ.

ಕಾಲೇಜು ಇಂಡಿಯಿಂದ ಚಡಚಣದ ಕಡೆಗೆ ಹೋಗುವ ರಸ್ತೆಯ ಮೇಲಿತ್ತು. ಈಗ ಹುಡುಕಿಕೊಂಡು ಹೋಗಬೇಡಿ, ಸಿಗುವುದಿಲ್ಲ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಅಲ್ಲಿ ಬಿ.ಎ. ಓದುತ್ತಿದ್ದೆ. ಅಧ್ಯಕ್ಷರು ವ್ಯಾಪಾರಕ್ಕೆ ಸೊಲ್ಲಾಪುರಕ್ಕೆ ಹೊರಟು ನಿಂತಾಗ ನಮ್ಮ ಆಟದ ಮಾಸ್ತರರು ಅಡ್ಡ ಬಂದು, ಹೋದ ಸಲ ತಂದ ವಾಲಿಬಾಲ್ ಒಂದೇ ವಾರದಲ್ಲಿ ಹರಿಯಿತು, ಈ ಸಲವಾದರೂ ಬೇಸ್ ಬಾಲ್ ತರಬೇಕು ಎಂದು ಬೇಡಿಕೊಂಡರು. ನಮ್ಮ ಕಡೆ ಬೇಸ್ ಅಂದರೆ ಚೆನ್ನಾಗಿರುವುದು. ಊಟ ಬೇಸ್ ಆಗುತ್ತದೆ, ಮಳೆ ಬೇಸ್ ಆಗುತ್ತದೆ, ಸೊಸೆ ಕೂಡ ಒಮ್ಮೊಮ್ಮೆ ಬೇಸ್ ಇರುತ್ತಾಳೆ. ಅಧ್ಯಕ್ಷರು ಸೊಲ್ಲಾಪುರದ ಅಂಗಡಿಗೆ ಹೋಗಿ ಅದೇ ಮಾತು ಹೇಳಿದರು. ಹಲ್ಕಾ ಮಾಲು ಬೇಡ, ಬೇಸ್ ಬಾಲ್ ಇದ್ದರೆ ಕೊಡಿ. ಯಾವ ಕಾಲದಲ್ಲೋ ತಂದು ಯಾರೂ ಕೇಳದೆ ಅಟ್ಟದ ಮೇಲೆ ಕೊಳೆಯುತ್ತಿದ್ದ ಒಂದು ದೊಡ್ಡ ಪೆಟ್ಟಿಗೆಯನ್ನು ಆ ಅಂಗಡಿಯವನು ಧೂಳು ಝಾಡಿಸಿ ಇಳಿಸಿದ. ಅವತ್ತು ಅವನು ಮನೆಯಲ್ಲಿ ಹೋಳಿಗೆ ಮಾಡಿಸಿರಬೇಕು.

ಪೆಟ್ಟಿಗೆ ಬಿಚ್ಚಿದಾಗ ಒನಕೆಯಂಥ ಬ್ಯಾಟುಗಳು, ಕಲ್ಲಿನಂಥ ಚೆಂಡುಗಳು, ಅಂಗೈಗಿಂತ ನಾಲ್ಕು ಪಟ್ಟು ದೊಡ್ಡ ಚರ್ಮದ ಕೈಚೀಲಗಳು ಹೊರಬಿದ್ದವು. ತಂತಿಯ ಮುಖವಾಡವನ್ನು ಕೈಯಲ್ಲಿ ಹಿಡಿದು ಪ್ರಿನ್ಸಿಪಾಲರು ಇದು ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆ ಎಂದು ತೀರ್ಪು ಕೊಟ್ಟರು. ತಪ್ಪು ಮಾಲು ಬಂದಿದೆ ಎಂದು ಅಧ್ಯಕ್ಷರಿಗೆ ಹೇಳುವ ಗಂಡಸು ಮಾತ್ರ ಇಡೀ ಕಾಲೇಜಿನಲ್ಲಿ ಇರಲಿಲ್ಲ. ಅದಕ್ಕಿಂತ ಆಟವನ್ನೇ ಬದಲಿಸುವುದು ಸುಲಭ ಎಂದು ಸಭೆಯಲ್ಲಿ ತೀರ್ಮಾನವಾಯಿತು. ಹೀಗೆ ನಮ್ಮ ಮಾಸ್ತರರು ತಮ್ಮ ಬಾಯಿಂದಲೇ ಬೇಸ್‌ಬಾಲ್ ಕೋಚ್ ಆದರು.

ಅವರು ಮೂಲತಃ ಕಬಡ್ಡಿಯವರು. ಮುದ್ದೇಬಿಹಾಳ ತಾಲೂಕಿನವರು. ಕೊರಳು ತಲೆಗಿಂತ ದಪ್ಪ, ಆ ಕೊರಳಲ್ಲಿ ಸದಾ ಒಂದು ಸೀಟಿ. ಚಹದವನನ್ನೂ ಸೀಟಿ ಊದಿಯೇ ಕರೆಯುತ್ತಿದ್ದರು. ತಮ್ಮಂಥ ಕೋಚ್ ಪುಣೆಯಲ್ಲೂ ಇಲ್ಲ ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳುವರು. ಆದರೆ ಅವರ ನೌಕರಿ ಹಂಗಾಮಿ. ಪ್ರತಿ ಏಪ್ರಿಲ್‌ನಲ್ಲಿ ತೆಗೆಯುವುದು, ಪ್ರತಿ ಜೂನ್‌ನಲ್ಲಿ ಮತ್ತೆ ತೆಗೆದುಕೊಳ್ಳುವುದು. ಹಂಗಾಮಿ ಮನುಷ್ಯನಿಗೆ ಯಾರೂ ಬಾಡಿಗೆ ಮನೆ ಕೊಡಲೊಲ್ಲರು. ಹಾಗಾಗಿ ಅವರು ಆಟದ ಸಾಮಾನಿನ ಖೋಲಿಯಲ್ಲೇ, ಎಸೆಯುವ ಭರ್ಚಿ ಮತ್ತು ಹರಿದ ಬಲೆಗಳ ನಡುವೆ ಮಲಗುತ್ತಿದ್ದರು. ಹೆಂಡತಿ ಮುದ್ದೇಬಿಹಾಳದಲ್ಲಿ ತವರಿನಲ್ಲಿದ್ದರು. ಕಾಯಂ ಆದ ದಿನ ಕರೆತಂದು ಮನಿ ಮಾಡುತ್ತೇನೆ ಎಂದು ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದರು. ಕಾಯಂ ಮಾಡಿ ಎಂದು ಕೇಳಿದಾಗಲೆಲ್ಲ ಅಧ್ಯಕ್ಷರದು ಒಂದೇ ಉತ್ತರ.

"ಒಂದು ಕಪ್ ಗೆದ್ದು ಟೇಬಲ್ ಮ್ಯಾಲೆ ಇಡ್ರಿ. ಮರುದಿನ ಕಾಯಂ."

ಪೆಟ್ಟಿಗೆಯ ತಳದಲ್ಲಿ ನಿಯಮಗಳ ಒಂದು ಇಂಗ್ಲಿಷ್ ಪುಸ್ತಕವಿತ್ತು. ನಮ್ಮ ಇಂಗ್ಲಿಷ್ ಅಧ್ಯಾಪಕರು ಅದನ್ನು ಶಬ್ದಕ್ಕೆ ಶಬ್ದ ಕನ್ನಡ ಮಾಡಿಕೊಟ್ಟರು. ಹೊಡೆದವನು ಮೂರು ಠಾಣೆ ದಾಟಿ, ಹೊರಟ ಜಾಗಕ್ಕೇ ತಿರುಗಿ ಬರಬೇಕು. ಆ ಜಾಗದ ಹೆಸರು ಮನಿ. ಮನಿ ಮುಟ್ಟಿದರೆ ಒಂದು ಅಂಕ, ಅದಕ್ಕೂ ಮೊದಲು ಚೆಂಡು ಹಿಡಿದವನು ಓಡುವವನನ್ನು ಮುಟ್ಟಿದರೆ ಔಟ್. ಇಷ್ಟು ಎಲ್ಲರಿಗೂ ತಿಳಿಯಿತು. ಠಾಣೆಗಳಿಗೆ ಅಧ್ಯಕ್ಷರ ಗೋದಾಮಿನ ಗೋಣಿಚೀಲಗಳಿಗೆ ಹತ್ತಿಕಾಳು ತುಂಬಿ ಇಟ್ಟೆವು. ಮೂರನೆಯ ದಿನ ಎರಡನೆಯ ಠಾಣೆಯನ್ನು ಒಂದು ಎಮ್ಮೆ ತಿಂದು ಹೋಯಿತು. ಮನಿ ಮಾತ್ರ ಬಡಿಗನಿಂದ ಮಾಡಿಸಿದ ಐದು ಮೂಲೆಯ ಹಲಗೆ, ಬೇವಿನ ಕಟ್ಟಿಗೆಯದು. ಮೇಲೆ ಸುಣ್ಣ ಬಳಿದಿದ್ದೆವು.

ತೊಂದರೆ ಶುರುವಾದದ್ದು ಒಂದು ಶಬ್ದದಿಂದ. ಎದುರಾಳಿಯ ಕಣ್ಣು ತಪ್ಪಿಸಿ ಒಂದು ಠಾಣೆಯಿಂದ ಇನ್ನೊಂದಕ್ಕೆ ಓಡುವುದಕ್ಕೆ ಅಧ್ಯಾಪಕರು ತುಡುಗು ಎಂದು ಬರೆದಿದ್ದರು. ನಮ್ಮ ತಂಡದಲ್ಲಿ ಅತ್ಯಂತ ವೇಗವಾಗಿ ಓಡುವವನು ಕುರಿ ಕಾಯುವ ಮನೆತನದ ಹುಡುಗ, ನನ್ನದೇ ತರಗತಿಯವನು. ಮಾಸ್ತರರು ಅವನಿಗೆ ತುಡುಗು ಮಾಡು ಎಂದಾಗ ಅವನು ಕದಲಲಿಲ್ಲ. ಮರುದಿನ ಅವನ ಅಜ್ಜ ಕಂಬಳಿ ಹೊದ್ದು ಪ್ರಿನ್ಸಿಪಾಲರ ಎದುರು ಬಂದು ನಿಂತ. ಓದಲಿ ಎಂದು ಕಳಿಸಿದರೆ ಇಲ್ಲಿ ಕಳ್ಳತನ ಕಲಿಸುತ್ತೀರಂತೆ, ನಮ್ಮ ಕುಲದಲ್ಲಿ ಅದು ನಡೆದಿಲ್ಲ ಎಂದ. ಮಾಸ್ತರರು ಗಾಬರಿಯಾಗಿ, ಅದು ತುಡುಗಲ್ಲ, ಸುಮ್ಮನೆ ಹೇಳದೆ ಹೋಗುವುದು ಎಂದು ತಿದ್ದಿದರು. ಅಜ್ಜನಿಗೆ ಅದೂ ಸರಿಬರಲಿಲ್ಲ. ಹೇಳದೆ ಹೋಗುವುದು ಹಿರಿಯರ ಮನೆಯ ಹುಡುಗರ ಲಕ್ಷಣವೇ ಅಲ್ಲ, ಹೋಗುವುದಾದರೆ ಹೇಳಿ ಹೋಗಲಿ ಎಂದು ಅಪ್ಪಣೆ ಕೊಟ್ಟ. ನಮ್ಮ ಕಡೆ ಯಾರೂ ಹೋಗುತ್ತೇನೆ ಎನ್ನುವುದಿಲ್ಲ, ಅದು ಅಪಶಕುನ. ಹೊರಡುವವರು ಹೇಳುವುದು ಬರ್ತೇನಿ ಎಂದೇ. ಅಂದಿನಿಂದ ನಮ್ಮ ಹುಡುಗ ಠಾಣೆ ಬಿಡುವ ಮುನ್ನ ಅಲ್ಲಿ ನಿಂತ ಎದುರಾಳಿಗೆ ತಲೆಬಾಗಿ "ಬರ್ತೇನ್ರಿ" ಎಂದು ಹೇಳಿಯೇ ಓಡುತ್ತಿದ್ದ. ಅವನ ವೇಗ ಎಷ್ಟಿತ್ತೆಂದರೆ, ಹೇಳಿ ಹೋದರೂ ಬಹಳ ಸಲ ಸಿಗುತ್ತಿರಲಿಲ್ಲ.

ತಂಡವೇನೋ ತಯಾರಾಯಿತು. ಆದರೆ ಸೀಮೆಯಲ್ಲಿ ಬೇರೆ ಯಾರಿಗೂ ಈ ಆಟದ ಹೆಸರೂ ಗೊತ್ತಿರಲಿಲ್ಲ. ಎದುರಾಳಿಯೇ ಇಲ್ಲದೆ ಕಪ್ ಗೆಲ್ಲುವುದು ಹೇಗೆ? ಬೇರೆಯವರಾಗಿದ್ದರೆ ಕೈಚೆಲ್ಲಿ ಕೂರುತ್ತಿದ್ದರು. ಮಾಸ್ತರರು ರಜೆ ಸಿಕ್ಕಾಗಲೆಲ್ಲ ಬ್ಯಾಟು ಹೆಗಲಿಗೇರಿಸಿ ಬಸ್ಸು ಹತ್ತಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೆ ಹೋಗಿ ತಮ್ಮ ಶತ್ರುಗಳನ್ನು ತಾವೇ ತಯಾರಿಸತೊಡಗಿದರು. ಸಿಂದಗಿಯವರು ಬಯಲಿನಲ್ಲಿ ಜೋಳದ ರಾಶಿ ಮುಗಿಯುವ ತನಕ ಆಡಲಿಲ್ಲ. ಮುದ್ದೇಬಿಹಾಳಕ್ಕೆ ಮಾಸ್ತರರು ಎಲ್ಲಕ್ಕಿಂತ ಹೆಚ್ಚು ಸಲ ಹೋದರು, ಆದರೂ ಅಲ್ಲಿನ ತಂಡವೇ ಎಲ್ಲಕ್ಕಿಂತ ಕಳಪೆಯಾಯಿತು. ಹೋದವರು ಬಯಲಿಗೆ ಬರುವ ಬದಲು ಮಾವನ ಮನೆಯಲ್ಲಿ ಊಟಕ್ಕೆ ಕೂರುತ್ತಿದ್ದರು, ಸಂಜೆಯ ಬಸ್ಸಿಗೆ ಹೆಂಡತಿಗೆ "ಬರ್ತೇನಿ" ಎಂದು ಹೇಳಿ ಹೊರಡುತ್ತಿದ್ದರು. ಬಾಗೇವಾಡಿಯ ತಂಡ ಮಾತ್ರ ಗಟ್ಟಿ. ಮಸೂತಿ ಎಂಬ ಹಳ್ಳಿಯ ಇಬ್ಬರು ಒಕ್ಕಲಿಗರ ಹುಡುಗರು ಚೆಂಡನ್ನು ಕಣ್ಣಿಗೆ ಕಾಣದಷ್ಟು ದೂರ ಹೊಡೆಯುವರು. ಮನಿ ಕಾಯುವವನು ಕೊಲ್ಹಾರದವನು. ಕೃಷ್ಣೆಯಲ್ಲಿ ಮೀನು ಹಿಡಿದು ಪಳಗಿದ ಅವನ ಕೈಯಿಂದ ಚೆಂಡು ಜಾರುವ ಮಾತೇ ಇರಲಿಲ್ಲ. ಅವನಿಗೆ ಹಾಗೆ ನಿಲ್ಲಲು ಕಲಿಸಿದವರು ನಮ್ಮ ಮಾಸ್ತರರೇ ಎನ್ನುವುದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ಸಂಗತಿ.

ಕೊನೆಗೂ ನಮ್ಮ ಬಯಲಿನಲ್ಲಿ ನಾಲ್ಕೂ ಊರಿನ ಪಂದ್ಯ ನಡೆಯಿತು. ಬೇವಿನ ಗಿಡದ ಕೆಳಗೆ ಅಧ್ಯಕ್ಷರು ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ನಿಯಮ ಗೊತ್ತಿದ್ದವರು ಒಬ್ಬರೇ, ಆದ್ದರಿಂದ ಅಂಪೈರ್ ಕೂಡ ಮಾಸ್ತರರೇ. ನಾಲ್ಕು ತಂಡಗಳ ಗುರು, ಒಂದು ತಂಡದ ಕೋಚ್, ಎಲ್ಲರ ನ್ಯಾಯಾಧೀಶ. ಇಂಥ ಅಧಿಕಾರ ಅಧ್ಯಕ್ಷರಿಗೂ ಇರಲಿಲ್ಲ. ಮುದ್ದೇಬಿಹಾಳದ ತಂಡ ಬಂದ ಬಸ್ಸಿನಲ್ಲಿ ಮಾಸ್ತರರ ಹೆಂಡತಿಯೂ ಬಂದಿದ್ದರು, ಜೊತೆಗೊಂದು ಟ್ರಂಕು. ಗೆದ್ದರೆ ಕಾಯಂ, ಕಾಯಂ ಆದರೆ ಇಲ್ಲೇ ಉಳಿಯುವುದು. ಸೋತರೆ ಸಂಜೆಯ ಬಸ್ಸಿಗೆ ಟ್ರಂಕಿನ ಸಮೇತ ವಾಪಸು. ಇದು ತಂಡದವರಿಗೆಲ್ಲ ಗೊತ್ತಿತ್ತು.

ಕೊನೆಯ ಪಂದ್ಯ ನಮಗೂ ಬಾಗೇವಾಡಿಯವರಿಗೂ. ಅವರು ಒಂದು ಅಂಕ ಮುಂದಿದ್ದರು, ಇನ್ನೊಬ್ಬ ಔಟ್ ಆದರೆ ನಮ್ಮ ಆಟ ಮುಗಿದ ಹಾಗೆ. ಕುರಿಯವರ ಹುಡುಗ ಮೂರನೆಯ ಠಾಣೆಯಲ್ಲಿದ್ದ. ಇನ್ನೊಬ್ಬ ಅವನ ಹಿಂದೆ ಎರಡನೆಯದರಲ್ಲಿ. ಇಬ್ಬರೂ ಮನಿ ಮುಟ್ಟಿದರೆ ಕಪ್ ನಮ್ಮದು. ಬ್ಯಾಟು ಹಿಡಿದು ನಿಂತವನು ನಾನು. ಚೆಂಡು ಇನ್ನೂ ಎಸೆಯುವವನ ಕೈಯಲ್ಲಿತ್ತು, ಅವನು ಆಚೆ ನೋಡುತ್ತಿದ್ದ. ಈಗ ಓಡಿದರೆ ಮನಿ ಖಂಡಿತ. ನಮ್ಮ ಹುಡುಗ ಠಾಣೆಯ ಮೇಲೆ ನೆಟ್ಟಗೆ ನಿಂತು, ಪಕ್ಕದ ಬಾಗೇವಾಡಿಯವನಿಗೆ ತಲೆಬಾಗಿ, ಸ್ಪಷ್ಟವಾಗಿ ಹೇಳಿದ.

"ಬರ್ತೇನ್ರಿ."

ಆ ಬಾಗೇವಾಡಿಯವನು ನಾಲ್ಕೂರಿಗೆ ಕೇಳುವಂತೆ ಕಿರುಚಿದ. ಚೆಂಡು ಮನಿಯ ಕಡೆ ಹಾರಿತು, ಹುಡುಗನೂ ಹಾರಿದ. ಧೂಳೆದ್ದಿತು. ಆ ಧೂಳಿನ ಒಳಗೆ ಏನಾಯಿತೆಂದು ಕಂಡದ್ದು ಇಬ್ಬರಿಗೆ, ಮಾಸ್ತರರಿಗೆ ಮತ್ತು ಪಕ್ಕದಲ್ಲೇ ಇದ್ದ ನನಗೆ. ಕೊಲ್ಹಾರದವನ ಚೆಂಡು ನಮ್ಮ ಹುಡುಗನ ಹೆಗಲಿಗೆ ಮೊದಲು ತಾಗಿತ್ತು, ಅವನ ಕೈ ಹಲಗೆಗೆ ಆಮೇಲೆ ತಾಗಿತ್ತು. ಸತ್ಯ ಹೇಳುವ ಕೆಲಸ ನನ್ನದಾಗಿರಲಿಲ್ಲ, ಪುಣ್ಯಕ್ಕೆ.

ಮಾಸ್ತರರು ಸೀಟಿ ಊದಿ ಔಟ್ ಎಂದರು. ಅಧ್ಯಕ್ಷರು ಕುರ್ಚಿಯಿಂದ ಎದ್ದು ಬಂದರು.

"ಹುಡುಗ ಮನಿ ಮುಟ್ಟ್ಯಾನಲ್ರಿ. ನಾನು ಕಣ್ಣಾರೆ ನೋಡೀನಿ."

"ಮುಟ್ಟ್ಯಾನ್ರಿ," ಎಂದರು ಮಾಸ್ತರರು. "ತಡಾ ಆತು."

ಅಧ್ಯಕ್ಷರು ಇನ್ನೊಮ್ಮೆ ಯೋಚಿಸಿ ಹೇಳಿ ಎಂದರು. ಯೋಚನೆ ಮಾಡುವಂಥದ್ದು ಏನೂ ಇರಲಿಲ್ಲ. ಕಪ್ ಬಾಗೇವಾಡಿಗೆ ಹೋಯಿತು. ನಮ್ಮ ಪಗಾರ ಉಂಡು ಪರರನ್ನು ಗೆಲ್ಲಿಸುವ ಇಂಥ ಮನುಷ್ಯನನ್ನು ಕಂಡಿಲ್ಲ ಎಂದು ಅಧ್ಯಕ್ಷರು ಪ್ರಿನ್ಸಿಪಾಲರ ಎದುರು ಕೂಗಾಡಿದರು. ನನಗೂ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ತಿಳಿಯಲಿಲ್ಲ. ಕುರಿಯವರ ಹುಡುಗ ಅಳುತ್ತಿದ್ದ. ಮಾಸ್ತರರು ಅವನ ತಲೆಗೊಂದು ಮೊಟಕಿ, ಹೇಳಿ ಹೋದದ್ದು ತಪ್ಪಲ್ಲ, ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು ಎಂದರು.

ಬಸ್ಸು ಹೊರಡುವ ಹೊತ್ತಾಯಿತು. ಹಲಗೆಯನ್ನು ಬಗಲಲ್ಲಿ ಹಿಡಿದುಕೊಂಡು ಮಾಸ್ತರರು ಖೋಲಿಯ ಕಡೆ ನಡೆದರು, ಸಾಮಾನು ಹೊತ್ತುಕೊಂಡು ನಾನು ಹಿಂದೆ. ಅವರ ಹೆಂಡತಿ ಬಾಗಿಲ ಮುಂದೆ ಟ್ರಂಕಿನ ಮೇಲೆ ಕುಳಿತಿದ್ದರು. ಮಾಸ್ತರರು ಬಸ್ಸಿನ ಮಾತು ತೆಗೆದರು. ಮುಂದಿನ ವರ್ಷ ಖಂಡಿತ ಎಂದೂ ಏನೋ ಹೇಳಿದರು. ಆಕೆ ಪೂರ್ತಿ ಕೇಳಿಸಿಕೊಂಡು ನಂತರ ಹೇಳಿದರು.

"ಪ್ರತಿ ಸಲ ಬರ್ತೇನಿ, ಬರ್ತೇನಿ ಅಂತ ಹೇಳಿ ಹೋದ್ರಿ. ಈಗ ನಾನೇ ಬಂದೇನಿ. ಹೋಗಂಗಿಲ್ಲ."

ಪುಣೆಯಲ್ಲೂ ಸಾಟಿಯಿಲ್ಲದ ನಮ್ಮ ಕೋಚ್ ಟ್ರಂಕನ್ನು ಎತ್ತಿ ಒಳಗಿಟ್ಟರು. ನೋಡುತ್ತ ನಿಂತಿದ್ದ ನನಗೆ ಕಣ್ಣು ತುಂಬಿತು, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಮರುವಾರ ಅಭ್ಯಾಸಕ್ಕೆ ಹೋದಾಗ ಮನಿ ಕಾಣೆಯಾಗಿತ್ತು. ಹುಡುಕುತ್ತ ಹೋದರೆ ಖೋಲಿಯಲ್ಲಿ ಆಕೆ ಅದರ ಮೇಲೆ ರೊಟ್ಟಿ ಬಡಿಯುತ್ತಿದ್ದರು. ಬೇವಿನ ಹಲಗೆ, ಹದವಾದ ಅಗಲ, ಬೇರೆ ಮಣೆ ಯಾಕೆ ಎಂಬುದು ಅವರ ಮಾತು. ಅಲ್ಲಿಂದ ಮುಂದೆ ಸುಣ್ಣ ಬಳಿಯುವ ಕೆಲಸ ಉಳಿಯಲಿಲ್ಲ. ಸಂಜೆಯ ಆಟಕ್ಕೆ ಮಾಸ್ತರರು ಹಲಗೆ ತರುವರು, ಆಟ ಮುಗಿದ ಮೇಲೆ ಅದನ್ನು ತೊಳೆದು ರೊಟ್ಟಿಗೆ ಒಯ್ಯುವರು. ಮನಿ ಮುಟ್ಟಿದನೋ ಇಲ್ಲವೋ ಎಂಬ ಜಗಳವೂ ನಿಂತುಹೋಯಿತು. ಮುಟ್ಟಿದವನ ಅಂಗೈಗೆ ಜೋಳದ ಹಿಟ್ಟು ಹತ್ತಿರುತ್ತಿತ್ತು.

ನಾನು ಓದು ಮುಗಿಸಿ ಅದೇ ಕಾಲೇಜಿನ ಗ್ರಂಥಾಲಯಕ್ಕೆ ಸೇರಿದೆ. ಎರಡೇ ವರ್ಷಕ್ಕೆ ನನ್ನನ್ನು ಕಾಯಂ ಮಾಡಿದರು, ಪುಸ್ತಕಗಳು ಮ್ಯಾಚು ಗೆಲ್ಲಬೇಕೆಂಬ ನಿಯಮ ಇರಲಿಲ್ಲವಲ್ಲ. ಮಾಸ್ತರರು ಮಾತ್ರ ಏಪ್ರಿಲ್‌ನಲ್ಲಿ ಹೋಗುತ್ತ, ಜೂನ್‌ನಲ್ಲಿ ಬರುತ್ತ ಇದ್ದರು. ಹೋಗುವುದು ಎಲ್ಲಿಗೆ? ಖೋಲಿಯಲ್ಲೇ ಇರುತ್ತಿದ್ದರು.

ದಶಕ ಮುಗಿಯಲು ಬಂದಾಗ ಒಂದು ಮಧ್ಯಾಹ್ನ ಅಧ್ಯಕ್ಷರು ಕಟ್ಟಡದ ಕೆಲಸ ನೋಡಲು ಬಂದರು. ಬಿಸಿಲು ಜೋರಿತ್ತು, ಹೊಟ್ಟೆ ಹಸಿದಿತ್ತು, ಮೂಗಿಗೆ ರೊಟ್ಟಿಯ ವಾಸನೆ ಬಡಿಯಿತು. ಖೋಲಿಯ ಮುಂದೆ ಚಾಪೆ ಹಾಸಿ ಮಾಸ್ತರರ ಹೆಂಡತಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು ಬಡಿಸಿದರು. ಅಧ್ಯಕ್ಷರು ಜೊತೆಗೆ ಕರೆದದ್ದರಿಂದ ಪ್ರಿನ್ಸಿಪಾಲರೂ ನಾನೂ ಕುಳಿತೆವು. ಅಧ್ಯಕ್ಷರು ನಾಲ್ಕನೆಯ ರೊಟ್ಟಿ ಮುರಿಯುತ್ತ, ರೊಟ್ಟಿ ಬಲು ಬೇಸ್ ಐತಿ ಎಂದರು. ಆಕೆ ಹಲಗೆಯಿಂದ ತಲೆ ಎತ್ತಲಿಲ್ಲ.

"ಬೇಸ್ ಇದ್ರ ಕಾಯಂ ಮಾಡ್ರಿ."

ಅಧ್ಯಕ್ಷರ ಬಾಯಿ ತುಂಬಾ ರೊಟ್ಟಿ ಇತ್ತು. ಇಲ್ಲ ಎನ್ನಬೇಕಾದರೆ ಅದನ್ನು ನುಂಗಬೇಕು, ನುಂಗಿದ ಮೇಲೆ ಇಲ್ಲ ಎನ್ನುವುದು ಹೇಗೆ? ಅವರು ಪ್ರಿನ್ಸಿಪಾಲರ ಕಡೆ ನೋಡಿ ಆಗಲಿ ಎಂಬಂತೆ ತಲೆಯಾಡಿಸಿದರು. ಆ ಜೂನ್‌ನಲ್ಲಿ ಕಾಯಂ ಆದೇಶ ಬಂದಿತು. ಬೇಸ್‌ಬಾಲ್ ಆಡಿಸಿದ್ದಕ್ಕಲ್ಲ, ಕಪ್ಪಿಗಂತೂ ಅಲ್ಲ.

ಸಂಜೆಯ ಆಟಕ್ಕೆ ಬಯಲಿನಲ್ಲಿ ಹಲಗೆ ಇಟ್ಟು, ಮಾಸ್ತರರು ಕಾಗದ ಹಿಡಿದು ಗ್ರಂಥಾಲಯಕ್ಕೆ ಬಂದರು. ಅಷ್ಟು ಹೊತ್ತಿಗೆ ಕೊರಳು ತೆಳ್ಳಗಾಗಿ ಸೀಟಿ ಜೋತುಬಿದ್ದಿತ್ತು. ನಾನು ಎದ್ದು ನಿಂತು ಅವರ ಎರಡೂ ಕೈ ಹಿಡಿದುಕೊಂಡೆ.

"ಮುಟ್ಟೀನಿ ನೋಡು," ಎಂದರು. "ತಡಾ ಆತು."

ಔಟ್ ಅಲ್ಲ ಸರ್ ಎಂದೆ. ಅವರು ಹೋದ ಮೇಲೆ ರಿಜಿಸ್ಟರ್ ತೆರೆಯಲು ಹೋದರೆ, ನನ್ನ ಎರಡೂ ಅಂಗೈಗೆ ಹಿಟ್ಟು ಹತ್ತಿತ್ತು.